ಖೋಟಾ ನೋಟು

ಬ್ಯಾಂಕಿನ ಕೌಂಟರಿನಲ್ಲಿ ಖೋಟಾ ನೋಟು ಬಂದರೆ ಅದನ್ನು ತಂದವರ ಕೈಗೇ ವಾಪಸು ಕೊಡುವಂತಿಲ್ಲ. ಮೊಹರು ಒತ್ತಿ, ಜಪ್ತಿ ಮಾಡಿ, ರಸೀದಿ ಕೊಡಬೇಕು. ತಂದವರು ಎಷ್ಟೇ ಸಂಭಾವಿತರಿರಲಿ, "ನನಗೂ ಯಾರೋ ಕೊಟ್ಟದ್ದು ಸಾರ್" ಎಂದು ಗೋಗರೆಯಲಿ, ಆ ನೋಟು ಅಲ್ಲಿಗೇ ನಿಲ್ಲಬೇಕು. ನೌಕರಿಯುದ್ದಕ್ಕೂ ಈ ನಿಯಮ ಪಾಲಿಸಿದವನು ನಾನು. ನಿವೃತ್ತನಾದ ಮೇಲೆ ನಾನೇ ಮುರಿದೆ.

ವರ್ಗವಾಗಿ ಹೈದರಾಬಾದಿಗೆ ಬಂದವನು ಇಲ್ಲೇ ಉಳಿದುಬಿಟ್ಟೆ. ಅಕ್ಕ ರಾಯಚೂರಿನಲ್ಲಿ. ದೂರ ಇರುವವನಿಗೆ ಪ್ರೀತಿ ತೋರಿಸಲು ಇರುವುದು ಮೊಬೈಲೊಂದೇ ನೋಡಿ. ಬೆಳಿಗ್ಗೆ ಬಂದ ಆರೋಗ್ಯದ ಸಂದೇಶಗಳನ್ನೆಲ್ಲ ಅವಳಿಗೆ ದಾಟಿಸುತ್ತಿದ್ದೆ. ಒಂದು ದಿನ, ಸಕ್ಕರೆ ಕಾಯಿಲೆಯ ಮಾತ್ರೆ ಕಿಡ್ನಿ ತಿಂದುಹಾಕುತ್ತದೆ, ಇವತ್ತೇ ಬಿಡಿ, ಮೆಂತ್ಯದ ನೀರು ಸಾಕು ಎಂದು ಬಂತು. ಹೆದರಿದೆ. ಹೆದರಿಕೆಯಲ್ಲೇ ಕಳಿಸಿದೆ.

ಮೂರು ವಾರಕ್ಕೆ ಅಕ್ಕ ಆಸ್ಪತ್ರೆಯಲ್ಲಿದ್ದಳು. ಸಕ್ಕರೆ ನಾನೂರು ದಾಟಿತ್ತು. ಓಡಿಹೋದೆ. ಅವಳು ಬೈಯಲಿಲ್ಲ. "ನೀ ಕಳಿಸಿದ್ದು ಅಂತ ನಂಬಿದ್ನೋ ತಮ್ಮಾ, ಡಾಕ್ಟರಿಗೆ ಕೇಳಬೇಕು ಅನ್ನಿಸ್ಲೇ ಇಲ್ಲ" ಅಂದಳು. ಬೈದಿದ್ದರೇ ಚೆನ್ನಾಗಿತ್ತು.

ಉದ್ದೇಶ ಒಳ್ಳೆಯದಿತ್ತಲ್ಲ, ತಪ್ಪು ನನ್ನದು ಹೇಗೆ ಎಂದು ಬಹಳ ದಿನ ನನಗೆ ನಾನೇ ವಾದಿಸಿಕೊಂಡೆ. ಆದರೆ ಅಕ್ಕ ನಂಬಿದ್ದು ಆ ಸಂದೇಶವನ್ನಲ್ಲ, ನನ್ನನ್ನು. ಬರೆದವನ ಹೆಸರೇ ಇಲ್ಲದ ಕಾಗದಕ್ಕೆ ನನ್ನ ಮೊಹರು ಬಿದ್ದಿತ್ತು. ಒಂದು ವೇಳೆ ಅದು ನಿಜವಾಗಿದ್ದರೆ, ಸುಮ್ಮನಿರುವುದೂ ತಪ್ಪಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಡಾಕ್ಟರಿಗೊಂದು ಫೋನು ಮಾಡಿ ಕೇಳುವಷ್ಟು ಪುರಸೊತ್ತು ಇಬ್ಬರಿಗೂ ಇತ್ತು. ಆ ಪುರಸೊತ್ತನ್ನೇ ಹೆದರಿಕೆ ಕಸಿದುಕೊಳ್ಳುತ್ತದೆ.

ನಮ್ಮ ಊರಿನ ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. 1918ರಲ್ಲಿ ಕೂನೂರಿನಲ್ಲಿ ಹುಟ್ಟಿ, 1958ರಲ್ಲಿ ಹೈದರಾಬಾದಿಗೆ ಬಂದದ್ದು; ನನ್ನ ಹಾಗೆ ಇದೂ ವಲಸೆ ಬಂದು ನೆಲೆಸಿದ್ದೇ. 2024ರಲ್ಲಿ ಅದು ಭಾರತೀಯರ ಊಟದ ಬಗ್ಗೆ 17 ಸೂತ್ರಗಳನ್ನು ಪ್ರಕಟಿಸಿತು. ದಿನಕ್ಕೆ ಉಪ್ಪು 5 ಗ್ರಾಮಿನೊಳಗಿರಲಿ, ಕಾಳು ತರಕಾರಿ ಸಾಕಷ್ಟಿರಲಿ, ಮೈಗೆ ವ್ಯಾಯಾಮವಿರಲಿ, ಹೀಗೆ. ಎಷ್ಟು, ಯಾರಿಗೆ ಎಂಬ ಲೆಕ್ಕವಿದೆ, ಕೂಗಾಟವಿಲ್ಲ. ಬಹುಶಃ ಅದಕ್ಕೇ ಅದನ್ನು ಯಾರೂ ಯಾರಿಗೂ ದಾಟಿಸುವುದಿಲ್ಲ!

ಇದೇ ಊರಿನ ನಾಂಪಲ್ಲಿ ಮೈದಾನದಲ್ಲಿ, ಮೃಗಶಿರಾ ಮಳೆಯ ಹೊತ್ತಿಗೆ, ಉಬ್ಬಸಕ್ಕೆಂದು ಜೀವಂತ ಮೀನು ನುಂಗಲು ಜನ ಸಾಲುಗಟ್ಟುತ್ತಾರೆ. ನಾನು ನಗುವುದಿಲ್ಲ. ಉಸಿರಿಗೆ ಕಷ್ಟಪಡುವವರ ಆಸೆ ಅದು. ಆದರೆ ಅವರಿಗೆ ಇನ್ಹೇಲರ್ ಬಿಡಿ ಎಂದು ಹೇಳುವವನು ನಾನಾಗಬಾರದು.

ಅಕ್ಕ ಚೇತರಿಸಿಕೊಂಡಿದ್ದಾಳೆ. ಈಗಲೂ ಬೆಳಿಗ್ಗೆ ಸಂದೇಶಗಳು ಬರುತ್ತವೆ. ನನ್ನ ಕೌಂಟರಿಗೇ ನಿಲ್ಲುತ್ತವೆ. ಅವಳಿಗೆ ಫೋನು ಮಾಡಿ, "ಮಾತ್ರೆ ತೊಗೊಂಡ್ಯಾ ಅಕ್ಕಾ?" ಎಂದಷ್ಟೇ ಕೇಳುತ್ತೇನೆ.