ಮಗುವಿನ ಮೊದಲ ತಪ್ಪು

ರಮಝಾನ್ ರಜೆ ಮುಗಿದು ಶವ್ವಾಲ್ ತಿಂಗಳಲ್ಲಿ ಮದ್ರಸದ ಬಾಗಿಲು ತೆರೆಯುತ್ತದೆ. ಬೇಸಿಗೆ ರಜೆ ಮುಗಿದು ಮಳೆಗಾಲದ ಹೊಸ್ತಿಲಲ್ಲಿ ಶಾಲೆಯ ಗಂಟೆ ಬಾರಿಸುತ್ತದೆ. ಹಿಜರಿ ವರ್ಷವು ಪ್ರತಿ ಸಲ ಸುಮಾರು 11 ದಿನ ಮುಂಚಿತವಾಗಿ ಬರುವುದರಿಂದ ಈ ಎರಡು ಆರಂಭಗಳು ಕೆಲವೊಮ್ಮೆ ಹತ್ತಿರವಾಗುತ್ತವೆ, ಕೆಲವೊಮ್ಮೆ ದೂರವಾಗುತ್ತವೆ. ನಮ್ಮ ಮಕ್ಕಳ ಪಾಲಿಗಾದರೋ ಎರಡೂ ಒಂದೇ. ಹೊಸ ಚೀಲ, ಹೊಸ ಪುಸ್ತಕ, ಹೊಸ ಮುಖಗಳು. ಹೊಟ್ಟೆಯೊಳಗೆ ಒಂದು ಅಳುಕು.

ಈ ಅಳುಕಿನ ಕುರಿತು ಹೆತ್ತವರೂ ಅಧ್ಯಾಪಕರೂ ಸ್ವಲ್ಪ ಚಿಂತಿಸಬೇಕಾಗಿದೆ. ಮೊದಲ ವಾರದಲ್ಲಿ ಮಗು ಅಕ್ಷರಕ್ಕಿಂತ ಮುಂಚೆ ಕಲಿಯುವ ಪಾಠವೊಂದಿದೆ. ಇಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದೇ ಆ ಪಾಠ. ತಪ್ಪಿದರೆ ಬೆತ್ತ, ತಪ್ಪಿದರೆ ಗೆಳೆಯರ ನಗು ಎಂದು ತಿಳಿದ ಮಗು ಬಾಯಿ ಮುಚ್ಚಿ ಕುಳಿತುಕೊಳ್ಳುತ್ತದೆ. ಮುಚ್ಚಿದ ಆ ಬಾಯಿಯನ್ನು ವರ್ಷವಿಡೀ ಪ್ರಯತ್ನಿಸಿದರೂ ತೆರೆಸುವುದು ಕಷ್ಟ.

ಅಲ್ಲಾಹನು ತನ್ನನ್ನು ಸುಲಭಗೊಳಿಸುವ ಶಿಕ್ಷಕನನ್ನಾಗಿ ಕಳುಹಿಸಿದ್ದಾನೆಂದು ಪ್ರವಾದಿ ಮುಹಮ್ಮದ್(ಸ) ತಿಳಿಸಿರುವುದು ಸಹೀಹ್ ಮುಸ್ಲಿಮ್‌ನಲ್ಲಿದೆ. ಆ ಮಹಾನ್ ಶಿಕ್ಷಕರ ಮುಂದೆ ಹೊಸ ವಿದ್ಯಾರ್ಥಿಯೊಬ್ಬರು ಮಾಡಿದ ಮೊದಲ ತಪ್ಪಿನ ಕಥೆಯೂ ಅದೇ ಗ್ರಂಥದಲ್ಲಿದೆ.

ಮುಆವಿಯ ಬಿನ್ ಹಕಮ್ ಅಸ್ಸುಲಮೀ(ರ) ಆಗಷ್ಟೇ ಇಸ್ಲಾಮ್ ಸ್ವೀಕರಿಸಿದವರು. ಒಮ್ಮೆ ಪ್ರವಾದಿ(ಸ)ಯವರ ಹಿಂದೆ ಜಮಾಅತ್‌ನಲ್ಲಿ ನಮಾಝ್ ಮಾಡುತ್ತಿದ್ದಾಗ ಯಾರೋ ಸೀನಿದರು. ಇವರು ನಮಾಝಿನಲ್ಲೇ ಗಟ್ಟಿಯಾಗಿ 'ಯರ್ಹಮುಕಲ್ಲಾಹ್' ಎಂದುಬಿಟ್ಟರು. ಸುತ್ತಲಿನವರು ದುರುಗುಟ್ಟಿ ನೋಡಿದರು. ಹೀಗೇಕೆ ನೋಡುತ್ತೀರೆಂದು ಇವರು ಮತ್ತೆ ಮಾತನಾಡಿದರು! ಜನರು ತೊಡೆ ತಟ್ಟಿ ಸುಮ್ಮನಿರಿಸಬೇಕಾಯಿತು. ನಮಾಝ್ ಮುಗಿಯಿತು. ಈಗೇನು ಕಾದಿದೆಯೋ ಎಂದು ಯಾರಿಗಾದರೂ ಎದೆ ಡವಗುಟ್ಟುವ ಹೊತ್ತು ಅದು. ಪ್ರವಾದಿವರ್ಯರು(ಸ) ಗದರಲಿಲ್ಲ, ಹೊಡೆಯಲಿಲ್ಲ, ನಿಂದಿಸಲಿಲ್ಲ. ನಮಾಝಿನಲ್ಲಿ ಜನರ ಸಾಮಾನ್ಯ ಮಾತು ಸಲ್ಲದು, ಅದು ತಸ್ಬೀಹ್, ತಕ್ಬೀರ್ ಮತ್ತು ಕುರ್‌ಆನ್ ಪಾರಾಯಣಕ್ಕೆ ಮೀಸಲು ಎಂದು ತಿಳಿಹೇಳಿದರು. ಅಷ್ಟೇ. ಅವರಿಗಿಂತ ಉತ್ತಮ ಶಿಕ್ಷಕರನ್ನು ತಾನು ಅದಕ್ಕೆ ಮೊದಲೂ ಕಂಡಿಲ್ಲ, ಅನಂತರವೂ ಕಂಡಿಲ್ಲ ಎಂದು ಮುಆವಿಯ(ರ) ಹೇಳುತ್ತಾರೆ.

ಸಾಮಾನ್ಯವಾಗಿ ನಾವು ಈ ಹದೀಸನ್ನು ಇಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಮುಂದಿನ ಭಾಗವನ್ನೂ ಓದಬೇಕು. ಗದರಿಕೆ ಬೀಳಲಿಲ್ಲ ಎಂದು ಕಂಡ ಆ ಹೊಸಬರು ಪ್ರಶ್ನೆಗಳನ್ನು ಕೇಳತೊಡಗಿದರು. ತಾನು ಅಜ್ಞಾನಕಾಲದಿಂದ ಇತ್ತೀಚೆಗಷ್ಟೇ ಹೊರಬಂದವನೆಂದರು. ಕಣಿ ಹೇಳುವವರ ಬಗ್ಗೆ, ಶಕುನದ ಬಗ್ಗೆ ಕೇಳಿದರು. ಕೊನೆಗೆ, ಕುರಿ ಕಾಯುತ್ತಿದ್ದ ತನ್ನ ದಾಸಿಯ ಕೈಯಿಂದ ತೋಳವೊಂದು ಕುರಿಯನ್ನು ಹೊತ್ತೊಯ್ದದ್ದಕ್ಕಾಗಿ ತಾನು ಆಕೆಗೆ ಹೊಡೆದಿದ್ದನ್ನೂ ಬಾಯಿಬಿಟ್ಟು ಹೇಳಿದರು. ಅದು ಗುರುತರವಾದ ವಿಷಯವೆಂದು ಪ್ರವಾದಿ(ಸ) ಮನಗಾಣಿಸಿದರು. ಆಕೆಯನ್ನು ಸ್ವತಂತ್ರಗೊಳಿಸುವಲ್ಲಿಗೆ ಆ ಮಾತುಕತೆ ಮುಟ್ಟಿತು.

ಯೋಚಿಸಿ ನೋಡಿರಿ. ತನ್ನ ತಪ್ಪಿಗೆ ಏಟು ತಿನ್ನದ ಮನುಷ್ಯ, ತಾನು ಇನ್ನೊಬ್ಬರಿಗೆ ಕೊಟ್ಟ ಏಟನ್ನು ತಾನಾಗಿಯೇ ಒಪ್ಪಿಕೊಂಡರು. ಮಸೀದಿಯಲ್ಲಿ ಬೈಗುಳ ಬಿದ್ದಿದ್ದರೆ ಅವರು ತಲೆ ತಗ್ಗಿಸಿ ಮನೆಗೆ ಹೋಗುತ್ತಿದ್ದರೇನೋ. ಶಕುನದ ಪ್ರಶ್ನೆ ಮನಸ್ಸಿನಲ್ಲೇ ಉಳಿಯುತ್ತಿತ್ತು. ಮಾತಿಗೆ ದಾರಿ ತೆರೆದಿದ್ದರಿಂದ ತೌಬಾಕ್ಕೂ ದಾರಿ ತೆರೆಯಿತು.

ಹಾಗಾದರೆ ಶಿಸ್ತು ಬೇಡವೇ ಎಂದು ಕೆಲವರು ಕೇಳಬಹುದು. ಶಿಸ್ತು ಬೇಕೇ ಬೇಕು. ಆ ದಿನ ಮಸೀದಿಯಲ್ಲೂ ತಪ್ಪನ್ನು ತಪ್ಪೆಂದೇ ಹೇಳಲಾಯಿತು. ತಪ್ಪು ತಿದ್ದಲ್ಪಟ್ಟಿತು, ಮನುಷ್ಯನ ಮಾನ ಉಳಿಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2012ರ ತಿದ್ದುಪಡಿಯು ಮದ್ರಸಗಳನ್ನು ಆ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಿತು. ಹಾಗೆಂದು ಮದ್ರಸಕ್ಕೆ ಬರುವ ಮಗುವಿನ ಬೆನ್ನು ಬೇರೆಯೇ? ಬೆಳಿಗ್ಗೆ ಇಲ್ಲಿ ಓದುವ ಮಗುವೇ ಅನಂತರ ಅಲ್ಲಿ ಓದುತ್ತದೆ. ಕಾನೂನಿನ ಭಯದಿಂದ ಕೆಳಗಿಳಿಯುವ ಬೆತ್ತಕ್ಕಿಂತ ಸುನ್ನತ್ತಿನ ಪ್ರೀತಿಯಿಂದ ಕೆಳಗಿಳಿಯುವ ಬೆತ್ತ ಮೇಲಲ್ಲವೇ?

ಬೆತ್ತಕ್ಕಿಂತಲೂ ಆಳವಾಗಿ ನಾಟುವುದು ನಗು. ಮನೆಯಲ್ಲಿ ಬ್ಯಾರಿ ಅಥವಾ ಉರ್ದು ಮಾತನಾಡುವ ಮಗು ಶಾಲೆಯಲ್ಲಿ ಕನ್ನಡದ 'ಹ'ಕಾರ 'ಅ'ಕಾರಗಳಲ್ಲಿ ಎಡವುತ್ತದೆ. ಅದೇ ಮಗು ಮದ್ರಸದಲ್ಲಿ 'ಳಾದ್' ಅಕ್ಷರದ ಉಚ್ಚಾರಣೆಯಲ್ಲಿ ತಡವರಿಸುತ್ತದೆ. ಮೊದಲ ದಿನ ಒಬ್ಬ ನಗುತ್ತಾನೆ, ಎರಡನೆಯ ದಿನ ಹತ್ತು ಮಂದಿ. ಮೂರನೆಯ ದಿನ ಆ ಮಗುವಿಗೊಂದು ಅಡ್ಡಹೆಸರು ಬಿದ್ದಿರುತ್ತದೆ. ಕೆಲವು ಮಕ್ಕಳ ಹೊಟ್ಟೆನೋವು ಸರಿಯಾಗಿ ತರಗತಿಯ ಹೊತ್ತಿಗೇ ಶುರುವಾಗುವುದು ಇಂತಹ ಕಾರಣಗಳಿಂದಲೇ. ಪರಸ್ಪರ ಅಪಹಾಸ್ಯ ಮಾಡಬಾರದು, ಕೆಟ್ಟ ಅಡ್ಡಹೆಸರುಗಳಿಂದ ಕರೆಯಬಾರದು ಎಂದು ಪವಿತ್ರ ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯದ 11ನೆಯ ವಚನ ಸ್ಪಷ್ಟವಾಗಿ ತಡೆದಿದೆ. ತಡವರಿಸುತ್ತಾ, ಕಷ್ಟಪಟ್ಟು ಕುರ್‌ಆನ್ ಓದುವವರಿಗೆ ಎರಡು ಪ್ರತಿಫಲವಿದೆಯೆಂದು ಆಯಿಶಾ(ರ) ವರದಿ ಮಾಡಿದ ಹದೀಸಿನಲ್ಲಿದೆ. ಅಲ್ಲಾಹನು ಎರಡು ಪ್ರತಿಫಲ ಕೊಡುವ ತೊದಲಿಗೆ ನಾವು ನಗುವನ್ನು ಕೊಡುವುದೇ?

ಮೌನವಾಗಿರುವ ಮಗುವಿಗೆ ತಿಳಿದಿಲ್ಲ ಎಂದು ಭಾವಿಸುವುದೂ ತಪ್ಪು. ಎಲೆ ಉದುರದ, ಮುಸ್ಲಿಮನಿಗೆ ಹೋಲಿಕೆಯಾಗುವ ಮರ ಯಾವುದೆಂದು ಪ್ರವಾದಿ(ಸ) ಒಮ್ಮೆ ಸಹಾಬಿಗಳನ್ನು ಕೇಳಿದರು. ಅದು ಖರ್ಜೂರದ ಮರವೆಂದು ಬಾಲಕ ಅಬ್ದುಲ್ಲಾ ಬಿನ್ ಉಮರ್(ರ)ರಿಗೆ ಹೊಳೆದಿತ್ತು. ಹಿರಿಯರ ಮುಂದೆ ನಾಚಿ ಸುಮ್ಮನಾದರು. ಅನಂತರ ಮಗ ಇದನ್ನು ಹೇಳಿದಾಗ ತಂದೆ ಉಮರ್(ರ), ನೀನು ಹೇಳಿದ್ದರೆ ನನಗೆಷ್ಟೋ ಸಂತೋಷವಾಗುತ್ತಿತ್ತು ಎಂಬರ್ಥದ ಮಾತನ್ನಾಡಿದರು. ಹಿಂದಿನ ಬೆಂಚಿನಲ್ಲಿ ಇಂತಹ ಎಷ್ಟು ಉತ್ತರಗಳು ನಾಚಿ ಕುಳಿತಿವೆಯೋ!

ಅಧ್ಯಾಪಕ ಸಹೋದರ ಸಹೋದರಿಯರು ಮೊದಲ ವಾರದಲ್ಲಿ ಕೆಲವು ಚಿಕ್ಕ ಕೆಲಸಗಳನ್ನು ಮಾಡಬಹುದು. ಪ್ರವಾದಿ(ಸ) ಮಕ್ಕಳ ಬಳಿ ಹಾದುಹೋಗುವಾಗ ಅವರಿಗೆ ಸಲಾಮ್ ಹೇಳುತ್ತಿದ್ದರೆಂದು ಅನಸ್(ರ) ತಿಳಿಸಿದ್ದಾರೆ. ಮದ್ರಸದ ತರಗತಿಯೊಳಗೆ ಬರುವಾಗ ಮಕ್ಕಳ ಸಲಾಮಿಗೆ ಕಾಯದೆ ನಾವೇ ಮೊದಲು ಸಲಾಮ್ ಹೇಳೋಣ. ಪ್ರತಿಯೊಂದು ಮಗುವಿನ ಹೆಸರನ್ನು ಕಲಿತು ಅದೇ ಹೆಸರಿನಿಂದ ಕರೆಯೋಣ. ತಪ್ಪು ಉತ್ತರ ಬಂದರೆ ಸರಿಯಾದುದನ್ನು ಹೇಳಿಕೊಟ್ಟು ಅದೇ ಮಗುವಿನ ಬಾಯಲ್ಲಿ ಮತ್ತೊಮ್ಮೆ ಹೇಳಿಸೋಣ. ಯಾರ ತಪ್ಪಿಗೂ ಯಾರೂ ನಗಬಾರದೆಂಬ ನಿಯಮವನ್ನು ಮೊದಲ ದಿನವೇ ಹೇಳಿ, ಮೊದಲ ನಗುವನ್ನೇ ತಡೆಯೋಣ.

ಹೆತ್ತವರಿಗೂ ಒಂದು ಮಾತು. ಮಗುವನ್ನು ಸೇರಿಸುವಾಗ, "ಮಾಂಸ ನಿಮ್ಮದು, ಮೂಳೆ ನಮ್ಮದು ಉಸ್ತಾದರೇ" ಎನ್ನುವ ಹಳೆಯ ಮಾತು ಇನ್ನು ಸಾಕು. ಮಗು ಅನ್ನ ಉಣ್ಣದಿದ್ದರೆ "ನಿಲ್ಲು, ಟೀಚರಿಗೆ ಹೇಳುತ್ತೇನೆ" ಎಂದು ಹೆದರಿಸುವುದೂ ಬೇಡ. ಮನೆಯಲ್ಲಿ ಗುಮ್ಮನಾದ ಗುರು ತರಗತಿಯಲ್ಲಿ ಗುರುವಾಗುವುದು ಹೇಗೆ? ಸಂಜೆ ಮಗು ಬಂದಾಗ ಎಷ್ಟು ಅಂಕ ಎಂದು ಕೇಳುವ ಮುಂಚೆ, ಇಂದು ಯಾರ ಪಕ್ಕದಲ್ಲಿ ಕುಳಿತೆ, ಏನನ್ನು ಕೇಳಿದೆ ಎಂದು ವಿಚಾರಿಸಿರಿ. ನಿಮ್ಮ ಮಗುವೇ ಇನ್ನೊಂದು ಮಗುವನ್ನು ನೋಡಿ ನಕ್ಕಿದ್ದರೆ, ಅದನ್ನು ತಮಾಷೆಯೆಂದು ಬಿಟ್ಟುಬಿಡಬೇಡಿರಿ.

ಜ್ಞಾನವನ್ನು ಹೆಚ್ಚಿಸೆಂದು ಬೇಡಿಕೊಳ್ಳಲು ಅಲ್ಲಾಹನು ತನ್ನ ಪ್ರವಾದಿ(ಸ)ಗೇ ಕಲಿಸಿಕೊಟ್ಟಿದ್ದಾನೆ. ಆ ಬೇಡಿಕೆ ನಮ್ಮ ಮಕ್ಕಳ ನಾಲಿಗೆಯ ಮೇಲೆ ಭಯವಿಲ್ಲದೆ ಮೂಡಲಿ. ಈ ಹೊಸ ವರ್ಷದಲ್ಲಿ ನಮ್ಮ ತರಗತಿಗಳನ್ನು ದಯೆಯ ಮಜ್ಲಿಸ್‌ಗಳನ್ನಾಗಿ ಮಾಡಲು ಅಲ್ಲಾಹನು ನಮಗೆಲ್ಲ ತೌಫೀಕ್ ನೀಡಿ ಅನುಗ್ರಹಿಸಲಿ. ಆಮೀನ್.