ವಾಲಿಯ ವರ ಮತ್ತು ಹತ್ತು ಮುಖದ ದಾಳ

ಒಮ್ಮೆ ಕೊಟ್ಟ ವರವನ್ನು ಹಿಂದೆ ತೆಗೆದುಕೊಳ್ಳಬಹುದೋ? ಪುರಾಣದಲ್ಲಿ ದೇವರುಗಳಿಗೇ ಇದು ಕಷ್ಟವಾಗಿತ್ತು. ಭಸ್ಮಾಸುರನಿಗೆ ವರ ಕೊಟ್ಟ ಶಿವ ತಾನೇ ಓಡಬೇಕಾಯಿತು, ಆದರೂ ‘ವರ ರದ್ದು’ ಅಂತ ಹೇಳಲಿಲ್ಲ. ಮೋಹಿನಿ ಬಂದು ಕುಣಿದು ಆ ಲೆಕ್ಕ ತೀರಿಸಬೇಕಾಯಿತು. ಈ ಹಳೇ ಪ್ರಶ್ನೆ ನನಗೆ ಹೊಸದಾಗಿ ಎದುರಾದದ್ದು ಒಂದು ಅಮೆರಿಕದ ಆಟದಿಂದ. ಆಟ ಅಂದ ಕೂಡಲೇ ಮಕ್ಕಳಾಟಿಕೆ ಅಂತ ಪುಟ ತಿರುಗಿಸಬೇಡಿ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಬಾಯಿಮಾತಿನಲ್ಲೇ ಕತೆ ನಡೆಸುವ ಆಟ ಅದು. ತಾಳಮದ್ದಳೆ ನೋಡಿದ ನಮ್ಮ ಕಡೆಯವರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟ ಇಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಅರ್ಥ ಮಾತ್ರ. ಭಾಗವತರ ಜಾಗದಲ್ಲಿ ಒಬ್ಬ ರೆಫ್ರಿ. ವ್ಯತ್ಯಾಸ ಎಂತದು ಅಂದರೆ, ನಮ್ಮಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ಅಲ್ಲಿ ಯಾರಿಗೂ ಗೊತ್ತಿಲ್ಲ. ದಾಳ ಹೇಳಿದ ಹಾಗೆ.

ಆ ಜಾತಿಯ ಆಟಗಳಲ್ಲಿ ‘ಸೈಬರ್‌ಪಂಕ್’ ಒಂದು. ಮೈಕ್ ಪಾಂಡ್‌ಸ್ಮಿತ್ ಎಂಬವರು 1988ರಲ್ಲಿ ಮಾಡಿದ್ದು. ಕತೆ ನಡೆಯುವುದು ನೈಟ್ ಸಿಟಿ ಎಂಬ ಕಲ್ಪನೆಯ ಊರಿನಲ್ಲಿ. ಅಲ್ಲಿ ಸರಕಾರಕ್ಕಿಂತ ಕಂಪೆನಿಗಳದ್ದೇ ಕಾರುಬಾರು. ದುಡ್ಡಿದ್ದವರು ಕೈ ಕಡಿಸಿ ಲೋಹದ ಕೈ ಹಾಕಿಸಿಕೊಳ್ಳುತ್ತಾರೆ, ತಲೆಯೊಳಗೆ ಚಿಪ್ಪು ಇರಿಸಿಕೊಳ್ಳುತ್ತಾರೆ. ಪಾತ್ರಗಳಿಗೆ ಒಂದೊಂದು ಕಸುಬು ಉಂಟು: ಹೊಡೆದಾಟದವನು, ಕಂಪ್ಯೂಟರಿಗೆ ಕನ್ನ ಹಾಕುವವನು, ಪತ್ರಕರ್ತ, ಹಾಡುಗಾರ, ದಲ್ಲಾಳಿ, ಪೊಲೀಸು. ಪ್ರತಿ ಕಸುಬಿಗೆ ಬೇರೆಯವರಿಗಿಲ್ಲದ ಒಂದು ವಿಶೇಷ ಶಕ್ತಿ. ಪುಸ್ತಕದಲ್ಲಿ ಇಲ್ಲದ ಶಕ್ತಿಯನ್ನು ತಾನೇ ಬರೆದು ತಂದು, ರೆಫ್ರಿಯ ಒಪ್ಪಿಗೆ ಪಡೆದು ಆಡುವುದಕ್ಕೂ ಅವಕಾಶ ಉಂಟು. ನಮ್ಮ ಸಮಸ್ಯೆ ಹುಟ್ಟುವುದು ಇಲ್ಲಿ.

ನನ್ನ ತಂಗಿಯ ಮಗ ಮಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ಗೆಳೆಯರೊಟ್ಟಿಗೆ ಇದನ್ನು ಆಡುತ್ತಿದ್ದ. ರೆಫ್ರಿ ಅವನೇ. ಗೆಳೆಯರಲ್ಲಿ ಒಬ್ಬ ಹುಡುಗ ಎರಡು ವಾರ ಕೂತು ಒಂದು ಶಕ್ತಿ ಬರೆದು ತಂದ: ಎದುರಿನವನ ಮೈಯಲ್ಲಿರುವ ಯಾವ ಯಂತ್ರವನ್ನೂ ಒಂದು ಸರದಿಯ ಮಟ್ಟಿಗೆ ಇವನೇ ಆಡಿಸಬಹುದು, ದಾಳ ಹಾಕುವ ಅಗತ್ಯವೇ ಇಲ್ಲ. ಅಳಿಯ ಒಪ್ಪಿದ. ಮೂರನೇ ವಾರಕ್ಕೆ ನೋಡಿದರೆ ಬಂದೂಕಿನ ಪಾತ್ರ ಹಿಡಿದವಳಿಗೆ ಕೆಲಸವೇ ಇಲ್ಲ. ಶತ್ರುಗಳು ಬಂದರು, ಹುಡುಗ ಅವರ ಲೋಹದ ಕೈಯಿಂದಲೇ ಅವರಿಗೆ ಹೊಡೆಸಿದ, ಮುಗಿಯಿತು. ಅವಳು ಮೊಬೈಲು ನೋಡಿಕೊಂಡು ಕೂತಳು. ಅಳಿಯ ಶಕ್ತಿಯನ್ನು ಅರ್ಧಕ್ಕೆ ಇಳಿಸುತ್ತೇನೆ ಅಂದ. ಹುಡುಗನಿಗೆ ಸಿಟ್ಟು ಬಂತು. “ನೀನೇ ಒಪ್ಪಿದ್ದಲ್ವಾ?” ಅಂತ ಅವನ ಪ್ರಶ್ನೆ. ಓಣಂ ರಜೆಗೆ ಬಂದಾಗ ಅಳಿಯ ಇದನ್ನು ನನ್ನ ಹತ್ತಿರ ಹೇಳಿ, “ಮಾವ, ನ್ಯಾಯ ಯಾರದ್ದು?” ಅಂತ ಕೇಳಿದ.

ಹುಡುಗನ ಮಾತನ್ನು ಸುಲಭದಲ್ಲಿ ತಳ್ಳಿಹಾಕಲಿಕ್ಕಾಗುವುದಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ. ಅದನ್ನು ನಂಬಿ ಅವನು ಶ್ರಮಪಟ್ಟಿದ್ದಾನೆ, ಮೋಸ ಮಾಡಲಿಲ್ಲ. ಆದರೆ ಆ ಒಪ್ಪಂದ ಯಾರ ಯಾರ ನಡುವೆ ಆದದ್ದು? ಅವನು ಮತ್ತು ರೆಫ್ರಿ. ಬಂದೂಕಿನವಳ ಹತ್ತಿರ ಯಾರೂ ಕೇಳಲಿಲ್ಲ. ಇಬ್ಬರು ಮಾತಾಡಿ ಮೂರನೆಯವಳ ಪಾಲನ್ನು ಹಂಚಿಕೊಂಡರೆ ಅದಕ್ಕೆ ಮಾತು ಅನ್ನಬಹುದೇ ಹೊರತು ನ್ಯಾಯ ಅನ್ನಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಎಲ್ಲರಿಗೂ ಒಂದೇ ಅಳತೆಯ ಬಲ ಇರಬೇಕೋ? ಅದೂ ಅಲ್ಲ. ಈ ಆಟದ ಲೆಕ್ಕ ಹೀಗೆ: ಪಾತ್ರದ ಸಾಮರ್ಥ್ಯ, ಕಲಿಕೆ, ಹತ್ತು ಮುಖದ ದಾಳದ ಅಂಕ ಮೂರನ್ನೂ ಕೂಡಿಸಿ ಗುರಿ ದಾಟಬೇಕು. ಮೊದಲೆರಡು ಸೇರಿ 12 ಇದ್ದವನು 20 ದಾಟಬೇಕಾದರೆ ದಾಳದಲ್ಲಿ 9 ಅಥವಾ 10 ಬೀಳಬೇಕು, ಅಂದರೆ ಹತ್ತರಲ್ಲಿ ಎರಡು ಸಲ. ಅವನಿಗೆ 4 ಅಂಕ ಹೆಚ್ಚು ಕೊಟ್ಟರೆ ಹತ್ತರಲ್ಲಿ ಆರು ಸಲ ಗೆಲ್ಲುತ್ತಾನೆ. ಬಲ ಮೂರು ಪಾಲಾಯಿತು, ಆದರೂ ನಾಲ್ಕು ಸಲ ಸೋಲುವ ಜಾಗ ಉಳಿಯಿತು. ಆ ನಾಲ್ಕು ಸಲದಲ್ಲಿ ಪಕ್ಕದವನ ಅಗತ್ಯ ಬೀಳುತ್ತದೆ. ದಾಳವೇ ಇಲ್ಲದ ಶಕ್ತಿಯಲ್ಲಿ ಆ ಜಾಗ ಇಲ್ಲ. ಹಾಗಾಗಿ ಹುಡುಗನ ಶಕ್ತಿ ದೊಡ್ಡದು ಎಂಬುದು ನನ್ನ ಆಕ್ಷೇಪ ಅಲ್ಲ. ಅದಕ್ಕೆ ಸೋಲು ಗೊತ್ತಿಲ್ಲ, ಅದು ತಕರಾರು.

ಅಂಥ ಶಕ್ತಿ ಒಂದು ನಮಗೆಲ್ಲ ಪರಿಚಯ ಉಂಟು. ಎದುರು ನಿಂತವನ ಅರ್ಧ ಬಲ ವಾಲಿಗೆ. ಯಾರು ಬಂದರೂ ವಾಲಿ ಅವನಿಗಿಂತ ಮೇಲೆಯೇ. ರಾಮ ಮರದ ಮರೆಯಿಂದ ಬಾಣ ಬಿಟ್ಟದ್ದು ಸರಿಯೋ ತಪ್ಪೋ ಅಂತ ಅರ್ಥಧಾರಿಗಳು ರಾತ್ರಿಯಿಡೀ ಜಗಳಾಡಿದ್ದಾರೆ, ಇನ್ನೂ ಆಡುತ್ತಾರೆ. ನಾನು ಬೇರೆ ಕಡೆಯಿಂದ ನೋಡುತ್ತೇನೆ. ತಪ್ಪು ಶುರುವಾದದ್ದು ವರ ಕೊಟ್ಟಲ್ಲಿ. ನೇರ ಎದುರಿಸುವ ದಾರಿಯನ್ನೇ ಮುಚ್ಚುವ ವರ ಕೊಟ್ಟರೆ, ಕೊನೆಗೆ ಯಾರಾದರೂ ಒಬ್ಬರು ಮರದ ಹಿಂದೆ ನಿಲ್ಲಲೇಬೇಕು. ರೆಫ್ರಿಗಳೂ ಹಾಗೇ ಮಾಡುತ್ತಾರಂತೆ. ಬಾಯಿಬಿಟ್ಟು ಏನೂ ಹೇಳದೆ, ಮುಂದಿನ ವಾರದಿಂದ ಬರುವ ಶತ್ರುಗಳಿಗೆಲ್ಲ ಆ ಶಕ್ತಿ ತಾಗದ ಹಾಗೆ ಮಾಡಿಬಿಡುವುದು. ವರ ಹೆಸರಿಗೆ ಇರುತ್ತದೆ, ಕೆಲಸಕ್ಕೆ ಬರುವುದಿಲ್ಲ. ಅಳಿಯನೂ ಅದನ್ನೇ ಯೋಚಿಸಿದ್ದನಂತೆ. ಎದುರೆದುರು ಕೂತು ಕಡಿತ ಮಾಡುವುದಕ್ಕಿಂತ ಇದು ಕೀಳು ಅಂತ ನನ್ನ ಅಭಿಪ್ರಾಯ. ಸಿಟ್ಟು ಬರುವುದು ತಪ್ಪುತ್ತದೆ ನಿಜ, ಆದರೆ ಹುಡುಗನಿಗೆ ವಾದಿಸುವ ಹಕ್ಕೂ ತಪ್ಪುತ್ತದೆ. ವಾಲಿಗಾದರೂ ಬಾಣ ತಾಗಿದ ಮೇಲೆ ಪ್ರಶ್ನೆ ಕೇಳಲಿಕ್ಕೆ ಸಮಯ ಸಿಕ್ಕಿತು.

ಈ ಆಟದ 1990ರ ಆವೃತ್ತಿಯಲ್ಲಿ ಬಲಕ್ಕೆ ಒಂದು ವಿಚಿತ್ರ ಬೆಲೆ ಇಟ್ಟಿದ್ದರು. ಮೈಗೆ ಯಂತ್ರ ಸೇರಿಸಿದಷ್ಟೂ ‘ಮನುಷ್ಯತ್ವ’ದ ಅಂಕ ಕಡಿಮೆಯಾಗುತ್ತದೆ. ಹತ್ತು ಅಂಕ ಹೋದರೆ ಇನ್ನೊಬ್ಬರ ನೋವು ತಿಳಿಯುವ ಗುಣದಲ್ಲಿ ಒಂದು ಇಳಿಯುತ್ತದೆ. ಅದು ಸೊನ್ನೆಯಾದರೆ ಪಾತ್ರಕ್ಕೆ ಹುಚ್ಚು ಹಿಡಿದು, ಆಡುವವನ ಕೈತಪ್ಪಿ ರೆಫ್ರಿಯ ವಶಕ್ಕೆ ಹೋಗುತ್ತದೆ. ಕೇಳುವಾಗ ಒಳ್ಳೆಯ ವ್ಯವಸ್ಥೆ ಅಂತ ಕಾಣುತ್ತದೆ, ನನಗೆ ಪೂರಾ ಒಪ್ಪಿಗೆ ಇಲ್ಲ. ಜೈಪುರ ಕಾಲು ಹಾಕಿಕೊಂಡು ನಡೆಯುವವನ ಮನುಷ್ಯತ್ವ ಎಲ್ಲಿ ಕಡಿಮೆಯಾಯಿತು ಮಾರಾಯ್ರೇ? ಕಳಕೊಂಡದ್ದನ್ನು ತುಂಬಿಸುವುದು ಬೇರೆ, ಇನ್ನೊಬ್ಬನನ್ನು ಹೊಡೆಯಲಿಕ್ಕೆ ಇದ್ದ ಕೈ ಕಡಿಸಿಕೊಳ್ಳುವುದು ಬೇರೆ. ಇನ್ನೊಂದು ಮಾತು, ಆ ಹುಚ್ಚಿನ ಬೆಲೆ ತೆರುವವರು ಯಾರು? ಪಕ್ಕದಲ್ಲಿ ಕೂತ ಜೊತೆಗಾರರು. ಬಲ ಒಬ್ಬನಿಗೆ, ಪೆಟ್ಟು ಎಲ್ಲರಿಗೆ ಎಂದಾದರೆ ಅದು ಬೆಲೆಯೇ ಅಲ್ಲ.

ಅಂಕಕ್ಕಿಂತ ದೊಡ್ಡ ವಿಷಯ ಒಂದುಂಟು, ಸಮಯ. ಹಳೇ ಆವೃತ್ತಿಯಲ್ಲಿ ಕಂಪ್ಯೂಟರಿಗೆ ಕನ್ನ ಹಾಕುವವನು ಒಬ್ಬನೇ ತನ್ನ ಲೋಕಕ್ಕೆ ಇಳಿಯುತ್ತಿದ್ದ. ಅವನು ಮತ್ತು ರೆಫ್ರಿ ಗಂಟೆಗಟ್ಟಲೆ ಆಡುವಾಗ ಉಳಿದವರು ಸುಮ್ಮನೆ ಕಾಯಬೇಕು. ಅವನು ಬಲಶಾಲಿ ಆಗಬೇಕೆಂದೂ ಇಲ್ಲ, ಸೋತರೂ ಸಮಯ ಅವನದ್ದೇ. ನಮ್ಮ ಕೂಟಗಳಲ್ಲೂ ಒಬ್ಬರು ಪೀಠಿಕೆಗೇ ಮುಕ್ಕಾಲು ಗಂಟೆ ತೆಗೆದುಕೊಂಡಾಗ ಎದುರು ಕೂತ ಅರ್ಥಧಾರಿಯ ಮುಖ ನೋಡಬೇಕು! 2020ರಲ್ಲಿ ಬಂದ ‘ಸೈಬರ್‌ಪಂಕ್ ರೆಡ್’ ಎಂಬ ಆವೃತ್ತಿಯಲ್ಲಿ ಇದನ್ನು ಸರಿ ಮಾಡಿದರು. ಕನ್ನ ಹಾಕಬೇಕಾದರೆ ಆ ಜಾಗಕ್ಕೇ ಹೋಗಬೇಕು, ಜೊತೆಯವರು ಬಾಗಿಲು ಕಾಯುತ್ತಿರುವಾಗಲೇ, ಅದೇ ಸರದಿಯಲ್ಲಿ ಕೆಲಸ ಆಗಬೇಕು. ಶಕ್ತಿ ಕಿತ್ತುಕೊಳ್ಳಲಿಲ್ಲ, ಅವನನ್ನು ಉಳಿದವರ ನಡುವೆ ತಂದು ಕೂರಿಸಿದರು. ಆಟ ಮಾಡಿದವರ ಬುದ್ಧಿಗೆ ನಾನು ತಲೆದೂಗಿದ್ದು ಇಲ್ಲಿ.

ಅಳಿಯನಿಗೆ ನಾನು ಹೇಳಿದ್ದು ಇಷ್ಟೇ: ನೀನೊಬ್ಬನೇ ತೀರ್ಮಾನ ಮಾಡಬೇಡ, ಎಲ್ಲರನ್ನೂ ಕೂರಿಸು. ಆದ ಆಟ ಆಗಿಹೋಯಿತು, ಅದನ್ನು ಅಳಿಸಬೇಡ. ಮುಂದಿನದ್ದನ್ನು ಮಾತ್ರ ಬದಲಿಸು. ಹುಡುಗ ಹೊಸ ನಿಯಮ ಬೇಡ ಅಂದರೆ, ಆ ಶಕ್ತಿಗಾಗಿ ಅವನು ಬಿಟ್ಟುಕೊಟ್ಟದ್ದನ್ನೆಲ್ಲ ವಾಪಸು ಕೊಟ್ಟು ಬೇರೆ ಆಯ್ಕೆ ಮಾಡಲಿಕ್ಕೆ ಬಿಡು.

ಕೂತರಂತೆ. ದಾರಿ ತೋರಿಸಿದ್ದು ಬಂದೂಕಿನವಳೇ. ಶಕ್ತಿ ಇರಲಿ, ಆದರೆ ಎದುರಿನವನ ಆರು ಹೆಜ್ಜೆಯೊಳಗೆ ಬಂದು ನಿಲ್ಲಬೇಕು, ಇಬ್ಬರೂ ದಾಳ ಹಾಕಬೇಕು, ಆ ಹೊತ್ತಿಗೆ ಅವನ ಮೈ ಕಾಯುವವರು ಬೇರೆ ಒಬ್ಬರು ಬೇಕು ಅಂದಳಂತೆ. ಹುಡುಗ ಆರು ಹೆಜ್ಜೆಯನ್ನು ಎಂಟು ಮಾಡಿಸಿಕೊಂಡ. ಪರೀಕ್ಷೆ ಬರುವವರೆಗೂ ಆಡಿದರಂತೆ.