ಆ ಹಿಡಿ ಹಿಟ್ಟು ಎಲ್ಲಿದೆ?



ಈಚೆಗೆ ಕೈಲಾಂಚದ ಸದ್ಭಕ್ತರೊಬ್ಬರ ಮನೆಯಲ್ಲಿ ಶಿವಪೂಜೆ, ಪ್ರಸಾದಗಳನ್ನು ತೀರಿಸಿಕೊಂಡು, ಆ ಮನೆಯವರೊಡನೆ ರಾಮನಗರದ ಬಳಿಯ ಜಾನಪದ ಲೋಕವನ್ನು ನೋಡಿಬರುವ ಸಂದರ್ಭವು ನಮಗೆ ಒದಗಿತು. ಬೆಂಗಳೂರು–ಮೈಸೂರು ಹೆದ್ದಾರಿಯ ಮಗ್ಗುಲಲ್ಲಿರುವ ಈ ಸಂಗ್ರಹಾಲಯವನ್ನು ಕಟ್ಟಿದವರು ಎಚ್. ಎಲ್. ನಾಗೇಗೌಡರು. ಸರಕಾರದ ಹಿರಿಯ ಅಧಿಕಾರಿಗಳಾಗಿದ್ದ ಅವರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಹಳ್ಳಿಹಳ್ಳಿಗಳ ಹಳೆಯ ಸಾಮಗ್ರಿಗಳನ್ನು ಕೂಡಿಸಿ, 1994ರಲ್ಲಿ ಇದನ್ನು ನಾಡಿಗೆ ಅರ್ಪಿಸಿದರು. ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿದ್ದ ವಸ್ತುಗಳಿಗೆ ಮಾನವನ್ನು ತಂದುಕೊಟ್ಟ ಅವರ ಉಪಕಾರವು ದೊಡ್ಡದು.

ಒಳಗೆ ಕಾಲಿಟ್ಟರೆ ನಮ್ಮ ಹಿರಿಯರ ಮನೆಯನ್ನೇ ಹೊಕ್ಕಂತಾಗುವುದು. ಒನಕೆಯನ್ನು ಕಂಡಾಗ ಕೊಟ್ಟಣದ ಸೋಮಮ್ಮನವರು ನೆನಪಾದರು. ಬಿದಿರಿನ ಬುಟ್ಟಿಯನ್ನು ಕಂಡಾಗ ಮೇದಾರ ಕೇತಯ್ಯನವರು. ಹಗ್ಗವನ್ನು ಕಂಡಾಗ ನುಲಿಯ ಚಂದಯ್ಯನವರು. 12ನೆಯ ಶತಮಾನದ ಈ ಶರಣರ ಹೆಸರುಗಳ ಮುಂದೆ ನಿಂತಿರುವುದು ಪದವಿಯಲ್ಲ, ಕುಲವಲ್ಲ, ಅವರ ಕಾಯಕ. ಸಾಮಾನ್ಯವೆಂದು ಜಗತ್ತು ಕಡೆಗಣಿಸಿದ ಉಪಕರಣಗಳೇ ಅವರಿಗೆ ಲಿಂಗಪೂಜೆಯ ಸಾಧನಗಳಾದುವು.

ಬೀಸುವ ಕಲ್ಲಿನ ಮುಂದೆ ಬಂದಾಗ ಆ ಮನೆಯ ಹುಡುಗನು, “ಅಜ್ಜೀ, ಇದೇನು?” ಎಂದು ಕೇಳಿದನು. “ರಾಗಿ ಬೀಸ್ತಿದ್ದ ಕಲ್ಲು ಮಗಾ. ಕೋಳಿ ಕೂಗೋ ಹೊತ್ತಿಗೆ ಎದ್ದು ಬೀಸ್ತಿದ್ವಿ. ಮೊದಲು ಒಂದು ಹಿಡಿ ಹಿಟ್ಟನ್ನ ಅಯ್ನೋರ ಜೋಳಿಗೆಗೆ ಅಂತ ಎತ್ತಿಡ್ತಿದ್ವಿ. ಆಮೇಲೆ ಮನೆಗೆ” ಎಂದರು ಅಜ್ಜಿ. ಹುಡುಗನು ಸುತ್ತಲೂ ನೋಡಿ, “ಕಲ್ಲು ಇಲ್ಲಿದೆ. ಆ ಹಿಡಿ ಹಿಟ್ಟನ್ನ ಎಲ್ಲಿ ಇಟ್ಟಿದ್ದಾರೆ?” ಎಂದನು. ಅಜ್ಜಿ ಉತ್ತರವನ್ನು ಕೊಡಲಿಲ್ಲ. ಮನೆಯ ಯಜಮಾನರು ತಲೆಯನ್ನು ತಗ್ಗಿಸಿದರು. ನಾವೂ ಸುಮ್ಮನಾದೆವು.

ಬಂಧುಗಳೇ, ಆ ಮಗುವಿನ ಪ್ರಶ್ನೆಯು ನಮ್ಮೆಲ್ಲರಿಗೂ ಸಲ್ಲುವುದು. ಕಲ್ಲನ್ನು ಸಂಗ್ರಹಾಲಯದಲ್ಲಿ ಕಾಪಾಡಬಹುದು; ದಾಸೋಹವನ್ನು ಕಾಪಾಡಬೇಕಾದುದು ಗೃಹಸ್ಥನ ಮನೆಯಲ್ಲಿಯೇ. ಧಾನ್ಯವನ್ನು ಅಳೆಯುವ ಸೇರನ್ನು ಯಾರಾದರೂ ನೋಡಬಹುದು. ಆದರೆ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಗತ್ಯಕ್ಕೆ ಮೀರಿದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಿರುಗಿಸಿದ ಲಕ್ಕಮ್ಮನವರ ಅಳತೆಯನ್ನು ಯಾವ ಕಪಾಟಿನಲ್ಲಿಡಲು ಸಾಧ್ಯ? ಅದು ಅಂತರಂಗದ ಅಳತೆ.

ಉಪಕರಣಗಳು ಬದಲಾಗುವುದು ದೋಷವಲ್ಲ. ರೇಷ್ಮೆ ಬೆಳೆಯುವ ಈ ಸೀಮೆಯಲ್ಲಿ ಬಿದಿರಿನ ಚಂದ್ರಿಕೆಯ ಜೊತೆಗೆ ಪ್ಲಾಸ್ಟಿಕ್ಕಿನ ಚಂದ್ರಿಕೆಯೂ ಬಂದಿದೆ; ರಾಗಿಯು ಗಿರಣಿಯಲ್ಲಿ ಹಿಟ್ಟಾಗುವುದು. ತಾಯಂದಿರ ರಟ್ಟೆಗಳಿಗೆ ಬಿಡುವು ದೊರೆತುದು ಸಂತೋಷದ ಮಾತೇ. ಹಳೆಯ ಕಲ್ಲಿಗೆ ಮರಳಿರೆಂದು ನಾವು ಹೇಳುವುದಿಲ್ಲ. ಕಲ್ಲನ್ನು ಬಿಟ್ಟಾಗ ಹಿಡಿ ಹಿಟ್ಟನ್ನೂ ಏಕೆ ಬಿಟ್ಟೆವೆಂದು ಮಾತ್ರ ಕೇಳುವೆವು. ಬೀಸುವ ಶ್ರಮವು ಉಳಿಯಿತು. ನೀಡುವ ಕೈ ಏಕೆ ನಿಂತಿತು?

ಅದು ಎಲ್ಲೆಡೆಯೂ ನಿಂತಿಲ್ಲವೆಂಬುದೇ ಸಮಾಧಾನ. ನಿಮ್ಮ ನೆರೆಯ ಮಾಗಡಿ ತಾಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ, 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಹಳ್ಳಿಗಳಲ್ಲಿ ಸಂಚರಿಸಿ ಭಕ್ತರ ಧಾನ್ಯವನ್ನು ಬರಮಾಡಿಕೊಂಡು, ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದರು. ಆ ದಾಸೋಹದ ಒಲೆಯು ಇಂದಿಗೂ ಉರಿಯುತ್ತಲಿದೆ. ಹುಡುಗನು ಕೇಳಿದ ಹಿಡಿ ಹಿಟ್ಟು ಅಲ್ಲಿದೆ. ಹಸಿದ ಮಗುವಿನ ತಟ್ಟೆಯಲ್ಲಿದೆ.

ಇನ್ನೊಂದು ಮಾತನ್ನು ನೊಂದು ಹೇಳುವೆವು. ನಮ್ಮಲ್ಲಿ ಎಷ್ಟೋ ಮಂದಿ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯೊಳಗಿಟ್ಟು, ಕರಡಿಗೆಯನ್ನು ಬೀರುವಿನೊಳಗಿಟ್ಟು ಬೀಗವನ್ನು ಹಾಕಿರುವರು. ಎದೆಯ ಮೇಲಿರಬೇಕಾದುದು ಬೀರುವನ್ನು ಸೇರಿದರೆ, ಆ ಮನೆಯೂ ಒಂದು ಸಂಗ್ರಹಾಲಯವೇ ಆಯಿತಲ್ಲವೇ? ನಾಳೆ ಮೊಮ್ಮಗನು ಅದನ್ನು ತೋರಿಸಿ, “ತಾತಾ, ಇದೇನು?” ಎಂದು ಕೇಳುವನು. ಆಗ ನಿಮ್ಮ ಉತ್ತರವು ಬಾಯಿಯ ಮಾತಾಗದೆ, ನಿಮ್ಮ ಅಂಗೈಯ ಪೂಜೆಯಾಗಿರಲಿ.

ಹಿಂದಿರುಗಿದ ಸಂಜೆ ಆ ಅಜ್ಜಿ ಅಡುಗೆಮನೆಯಲ್ಲೊಂದು ಡಬ್ಬಿಯನ್ನು ತೊಳೆದು ಒರಸಿ, ಮೊಮ್ಮಗನ ಕೈಯಿಂದಲೇ ಒಂದು ಹಿಡಿ ಹಿಟ್ಟನ್ನು ಹಾಕಿಸಿದರು. ಅಂತಹ ಡಬ್ಬಿಯೊಂದು ಪ್ರತಿ ಮನೆಯಲ್ಲಿಯೂ ಇರಲಿ. ತುಂಬುತ್ತಲೂ ಬರಿದಾಗುತ್ತಲೂ ಇರಲಿ.